ಹುಡುಗರು ಕೆಲಸಕ್ಕೆ ಬರಲ್ವಂತೆ

ಬಿಡದಿ, ಹಾರೋಹಳ್ಳಿ ಕಡೆಯ ಲೇಬರ್ ಕಂಟ್ರಾಕ್ಟರುಗಳ ಬಾಯಲ್ಲಿ ಒಂದು ದೂರು ಸದಾ ಸಿದ್ಧವಾಗಿರುತ್ತದೆ. ಈ ಸೀಮೆಯ ಹುಡುಗರಿಗೆ ಮೈ ಬಗ್ಗಲ್ಲ, ಮೂರು ತಿಂಗಳು ಬರ್ತಾರೆ, ನಾಲ್ಕನೇ ತಿಂಗಳು ಫೋನ್ ಎತ್ತಲ್ಲ, ಆಮೇಲೆ ವಿಚಾರಿಸಿದರೆ ಬೆಂಗಳೂರಲ್ಲಿ ಗಾಡಿ ಮೇಲೆ ಊಟ ಹೊತ್ತುಕೊಂಡು ತಿರುಗ್ತಿರ್ತಾರೆ. ಇದೇ ದೂರು ಸೂಟು ತೊಟ್ಟು ವೇದಿಕೆ ಹತ್ತಿದರೆ ದೇಶೋದ್ಧಾರದ ಉಪದೇಶವಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲೂ ಹರಾಜು ಇಷ್ಟು ಸಲೀಸಾಗಿ ಏರುವುದಿಲ್ಲ.

ಹುಡುಗರು ಬಿಟ್ಟು ಹೋಗುತ್ತಿರುವುದು ನಿಜ. ಹೆಣ್ಣುಮಕ್ಕಳೂ ಬಿಡುತ್ತಿದ್ದಾರೆ. ಆದರೆ ಸೋಮಾರಿತನಕ್ಕೆ ಬಿಡುತ್ತಿದ್ದಾರೆ ಎನ್ನುವವರು ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂಥ ಒಂದು ಊರಿನಲ್ಲಿ ಬೆಳಗಿನ ಜಾವ ಐದಕ್ಕೆ ಬಂದು ನಿಂತು ನೋಡಲಿ. ನೌಕರಿ ಎಂಬುದು ತಾನು ಕೊಡುತ್ತೇನೆಂದಿದ್ದನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡಿದೆ, ಕೇಳುವುದನ್ನು ಮಾತ್ರ ಹೆಚ್ಚಿಸುತ್ತಲೇ ಇದೆ. ಜನ ಲೆಕ್ಕ ಹಾಕಿದ್ದಾರೆ, ಲೆಕ್ಕ ತಾಳೆಯಾಗಿಲ್ಲ, ಹೊರಗೆ ನಡೆದಿದ್ದಾರೆ. ಇಷ್ಟೇ ಸಂಗತಿ.

ಲೆಕ್ಕವನ್ನೇ ನೋಡೋಣ. ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯಿಂದ ಬೆಂಗಳೂರಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಂದಿದೆಯಲ್ಲ ಎನ್ನಬಹುದು. 2023ರ ಮಾರ್ಚ್ 12ರಂದು ಪ್ರಧಾನಿ ಅದನ್ನು ಉದ್ಘಾಟಿಸಿದರು, ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಅದರ ಮೇಲೆ ಪ್ರವೇಶವಿಲ್ಲ. ನಮ್ಮವರ ಹತ್ತಿರ ಇರುವುದು ಅವೇ. ಉಳಿದದ್ದು ರೈಲು, ಬಸ್ಸು, ಫ್ಯಾಕ್ಟರಿ ವ್ಯಾನು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್‌ಚಾರ್ಜು ಉಳಿಯಿತು, ಒಳ್ಳೆಯದೇ. ಹೊತ್ತು ಉಳಿಯಲಿಲ್ಲ. ಎಂಟು ಗಂಟೆಯ ಶಿಫ್ಟಿಗೆ ಹೋಗಿಬರುವ ನಾಲ್ಕು ಗಂಟೆ ಸೇರಿಸಿದರೆ ಹನ್ನೆರಡು. ಅದರ ಮೇಲೆ ಓಟಿ.

ಈ ಹನ್ನೆರಡು ಗಂಟೆ ಸಾಲದೆಂದು ಸರ್ಕಾರಕ್ಕೆ ಅನ್ನಿಸಿರಬೇಕು. 2023ರ ಫೆಬ್ರವರಿಯಲ್ಲಿ, ಬಿಜೆಪಿ ಸರ್ಕಾರವಿದ್ದಾಗ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿದರು. ಮೂರು ತಿಂಗಳ ಓಟಿ ಮಿತಿ 75 ಗಂಟೆಯಿಂದ 145ಕ್ಕೆ ಹೋಯಿತು. ಆಮೇಲೆ ಸರ್ಕಾರ ಬದಲಾಯಿತು, ಬುದ್ಧಿ ಬದಲಾಗಲಿಲ್ಲ. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಎಂಬ ಪ್ರಸ್ತಾಪ ಹೊರಬಿತ್ತು. ಗಲಾಟೆಯಾದ ಮೇಲೆ, ಅದು ಉದ್ಯಮದವರ ಬೇಡಿಕೆ ಎಂದು ಕಾರ್ಮಿಕ ಸಚಿವರು ಹೇಳಿದರು. ಒಂದು ವರ್ಷ ಬಿಟ್ಟು, 2025ರ ಜೂನ್‌ನಲ್ಲಿ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 9 ಗಂಟೆಯನ್ನು 10 ಮಾಡುವ, ಮೂರು ತಿಂಗಳ ಓಟಿಯನ್ನು 50ರಿಂದ 144 ಗಂಟೆಗೆ ಏರಿಸುವ ಪ್ರಸ್ತಾಪ ಮತ್ತೆ ಬಂತು. ಐಟಿ ನೌಕರರ ಸಂಘ ಬೀದಿಗಿಳಿಯಿತು. ಯಾವ ಪಕ್ಷ ಬಂದರೂ ಕಡತ ಮಾತ್ರ ಅದೇ ಮೇಜಿನ ಮೇಲೆ ಕೂತಿರುತ್ತದೆ.

ಈ ಸೀಮೆಯ ಸಂಸಾರ ಒಂದೇ ಸಂಬಳದ ಮೇಲೆ ನಡೆಯುವುದಲ್ಲ ಎಂಬುದು ವಿಧಾನಸೌಧದಲ್ಲಿ ಕೂತವರಿಗೆ ತಿಳಿಯದ್ದೇನಲ್ಲ. ಅವರಲ್ಲಿ ಅರ್ಧಕ್ಕರ್ಧ ಜನ ಇಂಥ ಮನೆಗಳಿಂದಲೇ ಬಂದವರು. ಅರ್ಧ ಎಕರೆ ಹಿಪ್ಪುನೇರಳೆ, ಎರಡು ಹಸು, ಒಂದಿಷ್ಟು ತೆಂಗು, ಮಾವು, ಅದರ ಮೇಲೊಂದು ಹೊರಗಿನ ದುಡಿಮೆ. ಡೈರಿಗೆ ಹಾಲು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಾಕಬೇಕು, ಕ್ಯಾನು ಹೊರಟ ಮೇಲೆ ಹೋದರೆ ಇಲ್ಲ. ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ಮೂರೂವರೆ ನಾಲ್ಕು ವಾರ. ಪೊರೆ ಬಿಡುವ ನಾಲ್ಕು ಜ್ವರ ಕಳೆದು ಹುಳು ದೊಡ್ಡದಾದ ಮೇಲೆ ಹಗಲು ರಾತ್ರಿ ಸೊಪ್ಪು ಕೇಳುತ್ತದೆ, ಆ ಒಂದು ವಾರ ಮನೆಯಲ್ಲಿ ಇರುವ ಕೈಯೆಲ್ಲ ಬೇಕು. ಹುಳು ಹಣ್ಣಾದ ದಿನ ಫ್ಯಾಕ್ಟರಿ ಎಚ್‌ಆರ್‌ನವರಿಗೆ ಫೋನ್ ಮಾಡಿ ರಜೆ ಕೇಳಿ ನೋಡಿ! ಸಂಬಳ ಕತ್ತರಿಸಿ ಕಳಿಸಿದರೆ ಪುಣ್ಯ. ಎರಡನೇ ಸಲಕ್ಕೆ ಗೇಟ್ ಪಾಸೇ ಇರುವುದಿಲ್ಲ. ಬಿಡಿ ದುಡಿಮೆಯವನು ಆ ವಾರ ಊರಲ್ಲಿದ್ದು, ಗೂಡು ಮಾರಿ, ಮುಂದಿನ ವಾರ ಮತ್ತೆ ಹೋಗಬಲ್ಲ. ಇದಕ್ಕೆ ಸೋಮಾರಿತನ ಎನ್ನುವವರು ಒಂದು ಬೆಳೆ ಹುಳು ಮೇಯಿಸಿ ನೋಡಲಿ.

ಹೆಂಗಸರ ಲೆಕ್ಕ ಇನ್ನೂ ಬಿಗಿ. ಗಾರ್ಮೆಂಟ್ಸ್ ವ್ಯಾನು ಆರೂವರೆಗೆ ಬಂದು ಹಾರನ್ ಹೊಡೆದರೆ ಅಷ್ಟರೊಳಗೆ ಮುದ್ದೆ, ಸಾರು, ಮಗುವಿನ ಚೀಲ, ಹಸುವಿನ ಕೆಲಸ ಎಲ್ಲ ಮುಗಿದಿರಬೇಕು. ಅತ್ತೆಗೆ ಕಾಯಿಲೆ ಬಂದರೆ, ಮಗುವಿಗೆ ಜ್ವರ ಬಂದರೆ ನೌಕರಿ ಬಿಡುವವಳು ಅವಳೇ, ಗಂಡನಲ್ಲ. ಹಾಗೆ ಬಿಟ್ಟವಳು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಳ್ಳುತ್ತಾಳೆ, ಸೀರೆಗೆ ಕುಚ್ಚು ಕಟ್ಟುತ್ತಾಳೆ, ಬೊಂಬೆಗೆ ಬಣ್ಣ ಹಾಕುತ್ತಾಳೆ. ಮಾರನೆಯ ವರ್ಷ ಸರ್ಕಾರದ ಪಟ್ಟಿಯಲ್ಲಿ ಅವಳು ‘ಸ್ವಯಂ ಉದ್ಯೋಗಿ’. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದುಡಿಯುವ ಹೆಂಗಸರಲ್ಲಿ ಸ್ವಯಂ ಉದ್ಯೋಗಿಗಳ ಪಾಲು 2017-18ರಲ್ಲಿ ಶೇ 51.9 ಇದ್ದದ್ದು 2023-24ಕ್ಕೆ ಶೇ 67.4 ಆಗಿದೆ. ಇದನ್ನು ಮಹಿಳಾ ಉದ್ಯಮಶೀಲತೆ ಎಂದು ಭಾಷಣ ಮಾಡುವವರ ಧೈರ್ಯ ದೊಡ್ಡದು. ಸಂಬಳವಿಲ್ಲದೆ ಮನೆಯ ಹೊಲ, ಅಂಗಡಿಯಲ್ಲಿ ಗೇಯುವವಳೂ ಆ ಲೆಕ್ಕದೊಳಗೇ ಬರುತ್ತಾಳೆ.

ಆದರೂ ಕಾಯಂ ನೌಕರಿ ಎಂದರೆ ಭದ್ರತೆ ಅಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಎಲ್ಲಿದೆ ಕಾಯಂ? ದೇಶದ ಕಾರ್ಖಾನೆಗಳಲ್ಲಿ ದುಡಿಯುವ ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಗುತ್ತಿಗೆಯವರು ಎಂದು ಸರ್ಕಾರದ ಕೈಗಾರಿಕಾ ಸಮೀಕ್ಷೆಯೇ ಹೇಳುತ್ತದೆ. ಟ್ರೈನಿ, ಅಪ್ರೆಂಟಿಸ್ ಎಂದು ಬೇರೆ ಬೇರೆ ಬಣ್ಣದ ಬ್ಯಾಡ್ಜು ಹಾಕಿಕೊಂಡವರು ಅದರ ಆಚೆ. ಕಾಯಂ ಇದ್ದವರ ಪಾಡೇನು? 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಗೇಟಿನ ಮುಂದೆ ಶುರುವಾದ ಹೋರಾಟ ತಿಂಗಳುಗಟ್ಟಲೆ ನಡೆಯಿತು. ಕೆಲಸದ ಹೊರೆ ತಡೆಯಲಾಗುತ್ತಿಲ್ಲ ಎಂಬುದು ಕಾರ್ಮಿಕರ ದೂರು, ಶಿಸ್ತು ಮೀರಿದರು ಎಂಬುದು ಕಂಪನಿಯ ಉತ್ತರ. ಯಾರು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಈ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಫ್ಯಾಕ್ಟರಿ ಕೆಲಸವಿಲ್ಲ ಎಂದು ಜನ ನಂಬಿದ್ದ ಜಾಗದಲ್ಲೇ ಹಾಗಾದದ್ದನ್ನು ಸುತ್ತಲ ಹಳ್ಳಿಯ ಹುಡುಗರೆಲ್ಲ ನೋಡಿದರು.

ಪಿಎಫ್ ಕಥೆಯೂ ಅಷ್ಟೇ. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ನಿಯಮ ಮಾಡಿದಾಗ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕರೂ ಇಲ್ಲದೆ ರಸ್ತೆಗೆ ಬಂದರು, ಕೇಂದ್ರ ಎರಡನೇ ದಿನವೇ ನಿಯಮ ವಾಪಸು ಪಡೆಯಿತು. ಅವರ ಸಿಟ್ಟಿಗೆ ಕಾರಣ ಸರಳ. ಮಗಳ ಮದುವೆಗೆ, ಮನೆಯ ಸೂರಿಗೆ ದುಡ್ಡು ಬೇಕಾದಾಗ ಕೆಲಸ ಬಿಟ್ಟರೆ ಮಾತ್ರ ಪಿಎಫ್ ಪೂರ್ತಿ ಕೈಗೆ ಬರುತ್ತಿತ್ತು. ಉಳಿತಾಯ ಕೈಗೆ ಸಿಗಬೇಕಾದರೆ ರಾಜೀನಾಮೆ ಕೊಡಬೇಕು ಎಂಬಂಥ ಭದ್ರತೆ!

ಹಾಗೆಂದು ಹೊರಗಿನ ದುಡಿಮೆ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ನಿಮಗೆ ನೀವೇ ಯಜಮಾನರು ಎಂದು ಜಾಹೀರಾತು ಹಾಕುವವರ ಬಗ್ಗೆ ನನಗೆ ಗೌರವವೂ ಇಲ್ಲ. ಡೆಲಿವರಿ ಹುಡುಗ ಇನ್ಸೆಂಟಿವ್ ಮುಟ್ಟಬೇಕಾದರೆ ಹತ್ತು ಹನ್ನೆರಡು ಗಂಟೆ ಲಾಗಿನ್ ಆಗಿರಬೇಕು. ಪೆಟ್ರೋಲು ಅವನದು, ಗಾಡಿ ಕಂತು ಅವನದು, ಬಿದ್ದರೆ ಕೈಕಾಲೂ ಅವನದೇ. ಒಂದು ಬೆಳಿಗ್ಗೆ ಐಡಿ ಬ್ಲಾಕ್ ಆದರೆ ಯಾರನ್ನು ಕೇಳಬೇಕೆಂದೂ ಗೊತ್ತಿಲ್ಲ. ಬೈಕ್ ಟ್ಯಾಕ್ಸಿ ಓಡಿಸುತ್ತಿದ್ದವರಿಗೆ 2025ರ ಜೂನ್ 16ರಂದು ದುಡಿಮೆಯೇ ನಿಂತುಹೋಯಿತು. ಸರ್ಕಾರ ನಿಯಮ ರೂಪಿಸುವವರೆಗೆ ಓಡಿಸುವಂತಿಲ್ಲ ಎಂದು ಹೈಕೋರ್ಟ್ ಹೇಳಿತ್ತು, ನಿಯಮ ರೂಪಿಸುವ ಗೋಜಿಗೆ ಸರ್ಕಾರ ಹೋಗಲಿಲ್ಲ. ಆಮೇಲಿನ ವ್ಯಾಜ್ಯದ ಕಥೆ ಬೇರೆ. ಅಷ್ಟು ದಿನ ಕಂತು ಕಟ್ಟಿದವರು ಯಾರು?

ಇನ್ನು ಹಳೆಯ ಬಿಡಿ ದುಡಿಮೆ. ಚನ್ನಪಟ್ಟಣದ ಬೊಂಬೆ ಕೆಲಸ ಪೀಸ್ ಲೆಕ್ಕದ್ದು. ಆಲೆ ಮರ ಕಡೆದು ಅರಗು ಹಚ್ಚುವವನಿಗೆ ಯಾವ ಬಯೋಮೆಟ್ರಿಕ್ಕೂ ಇಲ್ಲ, ಯಾವ ರಜೆಯೂ ಇಲ್ಲ. ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2020ರ ಆಗಸ್ಟ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಚನ್ನಪಟ್ಟಣದ ಹೆಸರೆತ್ತಿ ಹೊಗಳಿದರು. ಹೊಗಳಿಕೆಯ ಜೊತೆಗೆ ಪಿಎಫ್ ಬರಲಿಲ್ಲ. ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಹೋದ ಮೇಲೆ ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದೂ ಕಡಿಮೆಯಾಯಿತು. ಮೈಸೂರಿಗೆ ಹೋಗುವವರಿಗೆ ಒಂದೂವರೆ ಗಂಟೆ ಉಳಿದದ್ದಕ್ಕೆ ಯಾರ ವ್ಯಾಪಾರ ಬೆಲೆ ತೆತ್ತಿತು ಎಂದು ಯಾವ ಯೋಜನಾ ವರದಿಯೂ ಬರೆಯುವುದಿಲ್ಲ.

ಹಾಗಾದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೇ? ಹೊತ್ತು ಬೇಕೆಂದರೆ ಭದ್ರತೆ ಬಿಡು, ಭದ್ರತೆ ಬೇಕೆಂದರೆ ಹೊತ್ತು ಬಿಡು ಎಂಬುದು ಉದ್ಯಮದವರು ನಮ್ಮ ತಲೆಗೆ ತುಂಬಿರುವ ಸುಳ್ಳು. ಸುಳ್ಳೆನ್ನಲು ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ದಕ್ಷಿಣ ಕನ್ನಡ, ಉಡುಪಿಯ ಬೀಡಿ ಕಟ್ಟುವ ಹೆಂಗಸರು ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆ ಜಗಲಿಯಲ್ಲಿ ಕೂತು, ಅಡುಗೆ, ಮಕ್ಕಳ ನಡುವೆ ಬಿಡುವಾದಾಗ ಕಟ್ಟಿ, ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುವವರು. ಯಾರ ಮೇಲ್ವಿಚಾರಣೆಯೂ ಇಲ್ಲ, ಹಾಜರಿಯೂ ಇಲ್ಲ. ಆದರೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ನೌಕರಳೆಂದೇ ಎಣಿಸಿತು. ಅವಳಿಗೂ ಪಿಎಫ್ ಕಟ್ಟಲೇಬೇಕೆಂದು 1985ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಕೂಲಿ ಹೆಚ್ಚೇನೂ ಅಲ್ಲ, ಹೊಗೆಸೊಪ್ಪಿನ ಧೂಳು ಎದೆಗೆ ಒಳ್ಳೆಯದೂ ಅಲ್ಲ. ಆದರೆ ಬಿಡುವಾದಾಗ ದುಡಿಯುವವಳಿಗೂ ಪಿಎಫ್ ಪಾಸ್‌ಬುಕ್ ಇರಬಹುದು ಎಂಬುದನ್ನು ಈ ದೇಶ ನಾಲ್ಕು ದಶಕದ ಹಿಂದೆಯೇ ಒಪ್ಪಿಕೊಂಡಿದೆ. ಬೀಡಿಗೆ ಆದದ್ದು ಬೊಂಬೆಗೆ, ಕುಚ್ಚಿಗೆ, ಡೆಲಿವರಿಗೆ ಏಕಾಗದು?

ಈ ದೃಷ್ಟಿಯಿಂದ ನೋಡಿದರೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ನಿಜಕ್ಕೂ ಮುಂದಿಟ್ಟ ಹೆಜ್ಜೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಕಂಪನಿಯಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಅದಕ್ಕೊಂದು ಮಂಡಳಿ, ಕೆಲಸದಿಂದ ತೆಗೆಯುವ ಮುಂಚೆ 14 ದಿನದ ನೋಟಿಸು. ಇಷ್ಟಕ್ಕೇ ಹೂಡಿಕೆ ಓಡಿಹೋಗುತ್ತದೆ ಎಂದು ಉದ್ಯಮದ ಸಂಘಗಳು ಗೋಳಿಟ್ಟವು. ಊಟದ ಬಿಲ್ಲಿನಲ್ಲಿ ಪ್ಲಾಟ್‌ಫಾರ್ಮ್ ಫೀ, ಮಳೆ ಫೀ ಎಂದು ಗಿರಾಕಿಯಿಂದ ಸೆಳೆಯುವಾಗ ಓಡದ ಹೂಡಿಕೆ ಇದಕ್ಕೆ ಏಕೆ ಓಡುತ್ತದೋ ತಿಳಿಯದು. ನನ್ನ ತಕರಾರು ಬೇರೆ. ಕಾಯ್ದೆ ಆ್ಯಪ್ ಮೂಲಕ ದುಡಿಯುವವರಿಗೆ ಮಾತ್ರ. ಬೊಂಬೆ ತಿಕ್ಕುವವಳ ಕೈಯಲ್ಲಿ ಆ್ಯಪ್ ಇಲ್ಲ, ಅವಳಿಗೆ ಮರ ಕೊಟ್ಟು ಮಾಲು ಒಯ್ಯುವ ಸಾಹುಕಾರ ಇದ್ದಾನೆ. ಅವನನ್ನು ಈ ಕಾಯ್ದೆ ಕೇಳುವುದಿಲ್ಲ. ಇನ್ನೊಂದು ಭಯವೂ ಇದೆ. ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದು 1976ರ ಕಾಯ್ದೆಯಡಿ ವಸೂಲಾಗುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಕಲ್ಯಾಣ ಮಾತ್ರ ಬಜೆಟ್ಟಿನ ಕೃಪೆಗೆ ಬಿತ್ತು. ಗಿಗ್ ಶುಲ್ಕಕ್ಕೂ ಅದೇ ಗತಿ ಬಾರದಂತೆ ಈಗಲೇ ಕಾಯಬೇಕು.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ದಿನದ ಗಂಟೆ ಏರಿಸುವ ಕಡತವನ್ನು ಮುಚ್ಚಬೇಕು. ಗಿಗ್ ಕಾಯ್ದೆಯೊಳಗೆ ಮನೆಯಲ್ಲಿ ಪೀಸ್ ಲೆಕ್ಕಕ್ಕೆ ದುಡಿಯುವವರನ್ನು ತರಬೇಕು, ಮಾಲು ಒಯ್ಯುವವನಿಂದ ಶುಲ್ಕ ಹಿಡಿಯಬೇಕು. ನರೇಗಾ ತಾಯಂದಿರಿಗೆಂದು ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆಗಳ ಬಾಗಿಲನ್ನು ಫ್ಯಾಕ್ಟರಿ ವ್ಯಾನು ಬರುವ ಹೊತ್ತಿಗೆ ತೆಗೆದರೆ, ನೌಕರಿ ಬಿಡಲು ಮನಸ್ಸಿಲ್ಲದೆ ಬಿಟ್ಟ ಎಷ್ಟೋ ಹೆಂಗಸರು ನಾಳೆಯೇ ವಾಪಸು ಹೋಗುತ್ತಾರೆ.

2024ರ ನವೆಂಬರ್‌ನ ಉಪಚುನಾವಣೆಯಲ್ಲಿ ರಾಜ್ಯದ ದೊಡ್ಡ ದೊಡ್ಡ ನಾಯಕರೆಲ್ಲ ಚನ್ನಪಟ್ಟಣದ ಹಳ್ಳಿ ಹಳ್ಳಿ ತಿರುಗಿ, ಈ ಮಣ್ಣಿನ ಮಕ್ಕಳಿಗೆ ಉದ್ಯೋಗ ಕೊಡುತ್ತೇವೆಂದರು. ಮುಂದಿನ ಸಲ ಯಾವ ಪಕ್ಷದವರು ಮನೆ ಬಾಗಿಲಿಗೆ ಬಂದರೂ ಎಷ್ಟು ಉದ್ಯೋಗ ಎಂದು ಕೇಳಬೇಡಿ. ಹತ್ತು ಗಂಟೆಯ ತಿದ್ದುಪಡಿ ಸದನಕ್ಕೆ ಬಂದಾಗ ಕೈ ಎತ್ತುತ್ತೀರೋ, ಕೆಳಗಿಡುತ್ತೀರೋ ಎಂದು ಕೇಳಿ. ಉತ್ತರ ಬಾರದಿದ್ದರೆ ಕರಪತ್ರ ವಾಪಸು ಕೊಟ್ಟು ಕಳಿಸಿ.