ಯಂತ್ರವಷ್ಟೇ ಸಾಲದು, ಗಂಟೆಗಳನ್ನು ಕೊಡಿ

ಅಮೆರಿಕದಲ್ಲೋ ಜರ್ಮನಿಯಲ್ಲೋ ಪಿಎಚ್‌.ಡಿ ಮಾಡುತ್ತಿರುವ ಮಕ್ಕಳ ಮನೆಯವರಿಗೆ ‘ಇವತ್ತು ರಾತ್ರಿ ಮೈಕ್ರೋಸ್ಕೋಪ್ ಸ್ಲಾಟ್ ಸಿಕ್ಕಿದೆ, ನಾಳೆ ಮಾತಾಡೋಣ’ ಎಂಬ ಮಾತು ಹೊಸದಲ್ಲ. ಅಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲೂ ಒಂದು ಸೂಕ್ಷ್ಮದರ್ಶಕಕ್ಕಾಗಿ ಸರದಿ ಕಾಯಬೇಕೇ ಎಂದು ಊರಿನಲ್ಲಿರುವ ಅಪ್ಪ–ಅಮ್ಮ ಅಚ್ಚರಿಪಡುವುದು ಸಹಜ. ಆದರೆ ಆ ಸರದಿ ಕೊರತೆಯ ಲಕ್ಷಣವಲ್ಲ. ಬೆಲೆಬಾಳುವ ಯಂತ್ರವನ್ನು ಹಲವರು ಹಂಚಿಕೊಂಡು ದುಡಿಸುವ ಪದ್ಧತಿ ಅದು. ಓದಿದ ಕಾಲೇಜಿಗೆ ಏನಾದರೂ ಕೊಡಬೇಕೆಂದುಕೊಂಡಿರುವ ಹೊರನಾಡ ಕನ್ನಡಿಗರು ಗಮನಿಸಬೇಕಾದದ್ದೂ ಇದನ್ನೇ.

ಬ್ಯಾಟರಿ ಬೇಗ ಏಕೆ ಸತ್ತಿತು, ಕೊಲ್ಲಿಯ ತೈಲ ಕೊಳವೆ ಒಳಗಿನಿಂದ ಏಕೆ ತುಕ್ಕು ಹಿಡಿಯಿತು, ಮೂಳೆಗೆ ಜೋಡಿಸಿದ ಲೋಹ ಎಷ್ಟು ಕಾಲ ಬಾಳೀತು? ಇಂಥ ಪ್ರಶ್ನೆಗಳಿಗೆ ಉತ್ತರ ವಸ್ತುವಿನ ಒಳರಚನೆಯಲ್ಲಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಿಗಣ್ಣಿಗೆ ಕಾಣದ ಬಿರುಕನ್ನು ತೋರಿಸುತ್ತದೆ. ಎಕ್ಸ್‌–ರೇ ಡಿಫ್ರಾಕ್ಷನ್ ಯಂತ್ರ ಪರಮಾಣುಗಳು ಯಾವ ಕ್ರಮದಲ್ಲಿ ಜೋಡಣೆಗೊಂಡಿವೆ ಎಂದು ಹೇಳುತ್ತದೆ. ರಾಮನ್ ಸ್ಪೆಕ್ಟ್ರೋಮೀಟರ್, ಚದುರಿದ ಬೆಳಕನ್ನು ಅಳೆದು ಅಣುಗಳ ಗುರುತು ಹಿಡಿಯುತ್ತದೆ. ಈ ಮೂರನೆಯದರ ನಂಟು ನಮ್ಮೂರಿಗೂ ಇದೆ. ಸಿ.ವಿ. ರಾಮನ್ ತಮ್ಮ ಶೋಧದ ಬಗ್ಗೆ 1928ರ ಮಾರ್ಚ್ 16ರಂದು ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ.

ಇಂಥ ಯಂತ್ರಗಳು ದುಬಾರಿ. ಒಬ್ಬ ಪ್ರಾಧ್ಯಾಪಕರ ಅನುದಾನಕ್ಕೆ ಎಟುಕುವುದು ಕಷ್ಟ. ಎಟುಕಿದರೂ ಒಂದೇ ತಂಡದ ಕೈಯಲ್ಲಿ ಹೆಚ್ಚು ಹೊತ್ತು ಸುಮ್ಮನೆ ಕುಳಿತಿರುತ್ತವೆ. ಅಮೆರಿಕ ಇದಕ್ಕೆ ದಾರಿ ಹುಡುಕಿದ್ದು ಬಹಳ ಹಿಂದೆಯೇ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1977ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅತಿ ಸಣ್ಣ ರಚನೆಗಳ ಸಂಶೋಧನೆಗೆ ಎಲ್ಲರೂ ಬಳಸಬಹುದಾದ ರಾಷ್ಟ್ರೀಯ ಕೇಂದ್ರವನ್ನು ತೆರೆಯಿತು. 2015ರಲ್ಲಿ ದೇಶದ 16 ಕಡೆ ಇಂಥ ಕೇಂದ್ರಗಳ ಜಾಲಕ್ಕೆ ಐದು ವರ್ಷಗಳಲ್ಲಿ ಒಟ್ಟು 8.1 ಕೋಟಿ ಡಾಲರ್ ಒದಗಿಸುವುದಾಗಿ ಪ್ರಕಟಿಸಿತು. ಬ್ರಿಟನ್ನಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿರುವ ಡೈಮಂಡ್ ಲೈಟ್ ಸೋರ್ಸ್‌ನಲ್ಲಿ, ಸ್ಪರ್ಧೆಯಲ್ಲಿ ಆಯ್ಕೆಯಾದ ಸಂಶೋಧಕರು ಫಲಿತಾಂಶವನ್ನು ಬಹಿರಂಗಪಡಿಸುವುದಾದರೆ ಯಂತ್ರದ ಬಳಕೆಗೆ ಶುಲ್ಕವಿಲ್ಲ.

ವಿಶ್ವವಿದ್ಯಾಲಯದ ಕೇಂದ್ರಗಳಲ್ಲಿ ನಿಯಮ ಸರಳ. ಮೊದಲು ತರಬೇತಿ, ಸುರಕ್ಷತಾ ಪಾಠ, ಆಮೇಲೆ ಆನ್‌ಲೈನ್ ಬುಕಿಂಗ್. ಬಳಸಿದ ಗಂಟೆಗಳಿಗೆ ಶುಲ್ಕ. ಒಳಗಿನವರಿಗೆ ಒಂದು ದರ, ಹೊರಗಿನ ಕಂಪನಿಗಳಿಗೆ ಅದಕ್ಕಿಂತ ಹೆಚ್ಚು. ಆ ಹಣ ಯಂತ್ರದ ನಿರ್ವಹಣೆಗೆ ನೆರವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರವನ್ನು ಚೆನ್ನಾಗಿ ಬಲ್ಲ ಪೂರ್ಣಾವಧಿ ತಜ್ಞರು ಅಲ್ಲಿರುತ್ತಾರೆ. ಹೊಸ ವಿದ್ಯಾರ್ಥಿಗೆ ಕಲಿಸುವವರು, ಯಂತ್ರ ಕೆಟ್ಟರೆ ಮೊದಲು ಓಡಿಬರುವವರು ಅವರೇ.

ಇತ್ತ ಕರ್ನಾಟಕದಲ್ಲಿ ಏನೂ ಇಲ್ಲ ಎಂದು ಹೊರದೇಶದಲ್ಲಿ ಕುಳಿತು ಹೇಳುವುದು ಅರ್ಧ ಸತ್ಯ ಮಾತ್ರ. ಹಂಚಿಕೆಯ ಉಪಕರಣ ಕೇಂದ್ರಗಳನ್ನು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1970ರ ದಶಕದಲ್ಲೇ ಆರಂಭಿಸಿತು. ‘ಸೈಫ್’ ಎಂದು ಕರೆಯುವ ಇಂಥ ಕೇಂದ್ರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರ ತನ್ನ ಉಪಕರಣಗಳನ್ನು ಹೊರಗಿನ ಸಂಶೋಧಕರಿಗೂ ತೆರೆದಿಟ್ಟಿದೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರವಿದೆ ಎಂದು ಹುಡುಕಿ ಬುಕ್ ಮಾಡಲು ‘ಐ–ಸ್ಟೆಮ್’ ಪೋರ್ಟಲ್ ಇದೆ. ಪ್ರಧಾನಿ ಅದನ್ನು 2020ರ ಜನವರಿ 3ರಂದು ಉದ್ಘಾಟಿಸಿದ್ದೂ ಬೆಂಗಳೂರಿನಲ್ಲೇ.

ಹಾಗಿದ್ದರೆ ಕೊರತೆ ಎಲ್ಲಿ? ಸಣ್ಣ ಊರಿನ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳ ದಾರಿಯನ್ನು ನೋಡಿ. ತನ್ನ ಮಾದರಿಯನ್ನು ಬೆಂಗಳೂರಿಗೋ ಧಾರವಾಡಕ್ಕೋ ಕಳುಹಿಸಲು ಶುಲ್ಕ ಬೇಕು. ಖುದ್ದಾಗಿ ಹೋಗುವುದಾದರೆ ಪ್ರಯಾಣ, ವಸತಿಯ ಖರ್ಚು ಬೇರೆ. ಕೊನೆಗೆ ಕೈಗೆ ಬಂದ ಗ್ರಾಫ್‌ನಲ್ಲಿ ಯಾವ ಏರಿಳಿತಕ್ಕೆ ಏನರ್ಥ ಎಂದು ಬಿಡಿಸಿ ಹೇಳುವವರು ಹತ್ತಿರದಲ್ಲಿಲ್ಲ. ಅವಳ ಕಾಲೇಜಿಗೇ ಯಂತ್ರ ಬಂತೆನ್ನಿ. ಉದ್ಘಾಟನೆಯ ಫೋಟೊ ತೆಗೆದ ಮೇಲೆ ವಾರ್ಷಿಕ ನಿರ್ವಹಣಾ ಗುತ್ತಿಗೆಗೆ ಹಣ ಯಾರು ಕೊಡುತ್ತಾರೆ? ಎಕ್ಸ್‌–ರೇ ಟ್ಯೂಬಿಗೂ ಆಯಸ್ಸಿದೆ. ವೋಲ್ಟೇಜ್ ಏರುಪೇರಿನಿಂದ ಕಾಪಾಡಬೇಕು, ಎ.ಸಿ. ಸರಿಯಾಗಿರಬೇಕು, ಆಪರೇಟರ್‌ಗೆ ತಿಂಗಳ ಸಂಬಳ ಬೇಕು. ಇವಿಲ್ಲದೆ ಯಂತ್ರ ಮೂಲೆ ಸೇರುತ್ತದೆ. ಮೇಲೆ ದಾನಿಯ ಹೆಸರಿನ ಫಲಕ ಮಾತ್ರ ಹೊಳೆಯುತ್ತಿರುತ್ತದೆ.

ಆದ್ದರಿಂದ ಹಳೆಯ ವಿದ್ಯಾರ್ಥಿ ಸಂಘಗಳಿಗೆ, ಹೊರನಾಡ ಕನ್ನಡ ಕೂಟಗಳಿಗೆ ನಮ್ಮ ಸಲಹೆ ಮೂರು. ಮೊದಲನೆಯದು, ಹೊಸ ಯಂತ್ರ ಕೊಡಿಸುವ ಮೊದಲು, ಈಗಿರುವ ಯಂತ್ರಗಳ ಮೇಲೆ ಬಡ ವಿದ್ಯಾರ್ಥಿಗಳಿಗೆ ಗಂಟೆಗಳನ್ನು ಕೊಡಿಸಿ. ಪರೀಕ್ಷಾ ಶುಲ್ಕ ಮತ್ತು ಪ್ರಯಾಣಕ್ಕೆಂದೇ ಒಂದು ಸಣ್ಣ ನಿಧಿ ಸಾಕು. ಎರಡನೆಯದು, ಯಂತ್ರವನ್ನೇ ಕೊಡುವುದಾದರೆ ನಿರ್ವಹಣೆಗೆ, ಆಪರೇಟರ್ ಸಂಬಳಕ್ಕೆ ಠೇವಣಿಯನ್ನೂ ಜೊತೆಗಿಡಿ. ಹೊರಗಿನ ಕಾಲೇಜುಗಳಿಗೂ ಬಳಸಲು ಬಿಡಬೇಕು ಎಂದು ಷರತ್ತು ಹಾಕಿ. ಮೂರನೆಯದಕ್ಕೆ ಹಣವೇ ಬೇಡ. ಅಲ್ಲಿ ಇಂಥ ಯಂತ್ರಗಳ ಮುಂದೆ ರಾತ್ರಿ ಕಳೆದು ಕಲಿತ ನಮ್ಮ ಮಕ್ಕಳು ತಿಂಗಳಿಗೊಂದು ಭಾನುವಾರ ವಿಡಿಯೊ ಕರೆಯಲ್ಲಿ ಕುಳಿತು, ಇಲ್ಲಿನ ವಿದ್ಯಾರ್ಥಿಗಳ ಗ್ರಾಫ್ ಓದಿ ಕನ್ನಡದಲ್ಲೇ ವಿವರಿಸಲಿ.

ಹಣ ಕಳುಹಿಸುವವರಿಗೆ ಒಂದು ಎಚ್ಚರಿಕೆ. ಭಾರತೀಯ ಪೌರತ್ವ ಉಳಿಸಿಕೊಂಡ ಅನಿವಾಸಿಗಳು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕೊಟ್ಟರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಪಡೆಯುವ ಸಂಸ್ಥೆಗೆ ಈ ಕಾಯ್ದೆಯಡಿ ನೋಂದಣಿ ಅಥವಾ ವಿನಾಯಿತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಈ ಬೇಸಿಗೆ ರಜೆಗೆ ಮಗನೋ ಮಗಳೋ ಊರಿಗೆ ಬಂದಾಗ, ಕಾಲೇಜಿಗೆ ಒಂದು ದಿನ ಕರೆದುಕೊಂಡು ಹೋಗಿ. ಪ್ರಯೋಗಾಲಯದಲ್ಲಿ ಯಾವ ಯಂತ್ರವಿದೆ ಎಂಬುದಕ್ಕಿಂತ, ಕಳೆದ ತಿಂಗಳು ಅದು ಎಷ್ಟು ಗಂಟೆ ಓಡಿತು, ಎಷ್ಟು ವಿದ್ಯಾರ್ಥಿಗಳ ಕೈಗೆ ಸಿಕ್ಕಿತು ಎಂದು ಕೇಳಿಸಿ. ಎಲ್ಲಿ ನೆರವಾಗಬೇಕು ಎಂಬುದು ಆ ಉತ್ತರದಿಂದಲೇ ತಿಳಿಯುತ್ತದೆ.