ಮನೆಯೊಳಗಿನ ಗರಡಿ

ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಹಲವರು ಯೆರವಡಾದಲ್ಲಿರುವ ನನ್ನ ಬಿಡಾರಕ್ಕೆ ಬಂದು ಹೋದವರು. ಬಂದವರ ದೃಷ್ಟಿ ಮೊದಲು ಬೀಳುವುದು ನನ್ನ ಪುಸ್ತಕಗಳ ಕಪಾಟಿನ ಮೇಲಲ್ಲ. ಹೊರಕೋಣೆಯ ಅರ್ಧವನ್ನು ಆಕ್ರಮಿಸಿಕೊಂಡು ನಿಂತಿರುವ ಉಕ್ಕಿನ ಯಂತ್ರದ ಮೇಲೆ. ಪೇಟೆಯವರು ಅದನ್ನು ಹೋಂ ಜಿಮ್ ಎಂದು ಕರೆಯುತ್ತಾರೆ. ಅದನ್ನು ಕೊಂಡುದು ಸರಿಯೋ ತಪ್ಪೋ ಎಂಬ ವಿಚಾರವು ಎರಡು ವರ್ಷಗಳಿಂದ ನನ್ನ ತಲೆಯಲ್ಲಿ ಸುಳಿಯುತ್ತಿದೆ. ಈ ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕ ಮಂಡಲಿಯ ಬಾಲಕರು ಬೆನ್ನು ಹತ್ತಿದ್ದರಿಂದ ಅದನ್ನೇ ಬರೆಯುತ್ತೇನೆ.

ಮೊದಲು ಯಂತ್ರದ ಸ್ವರೂಪವನ್ನು ಹೇಳಿಬಿಡುವೆನು. ಒಂದು ಚೌಕಟ್ಟು, ಕೂಡಲು ಒರಗಲು ಹಲಗೆಗಳು, ಮೇಲೆ ಕೆಳಗೆ ರಾಟೆಗಳು, ಅವುಗಳ ಮೇಲೆ ಹಾಯ್ದುಹೋಗುವ ಉಕ್ಕಿನ ಎಳೆಗಳ ಹಗ್ಗ, ಹಿಂಬದಿಯಲ್ಲಿ ಒಂದರ ಮೇಲೊಂದು ಕುಳಿತ 5 ಕಿಲೋಗ್ರಾಂ ತೂಕದ 10 ಫಲಕಗಳು. ಬೇಕಾದ ಫಲಕದ ರಂಧ್ರಕ್ಕೆ ಒಂದು ಗೂಟವನ್ನು ಸಿಕ್ಕಿಸಿದರೆ ಅದೂ ಅದರ ಮೇಲಿನವೂ ಮಾತ್ರ ಏಳುತ್ತವೆ. ಸರಳ ಯಂತ್ರಗಳ ಪಾಠವನ್ನು ಓದಿದವರಿಗೆ ಇದರಲ್ಲಿ ಗುಟ್ಟೇನೂ ಇಲ್ಲ. ಸ್ಥಿರ ರಾಟೆಯು ಎಳೆತದ ದಿಕ್ಕನ್ನು ಬದಲಿಸುವುದೇ ಹೊರತು ಭಾರವನ್ನು ಕಡಿಮೆ ಮಾಡುವುದಿಲ್ಲ. ಚಲ ರಾಟೆಯು ಬೇಕಾಗುವ ಬಲವನ್ನು ಅರ್ಧಕ್ಕಿಳಿಸಿ, ಪ್ರತಿಯಾಗಿ ಎರಡರಷ್ಟು ಹಗ್ಗವನ್ನು ಎಳೆಯಿಸುತ್ತದೆ. ಆದಕಾರಣ ಫಲಕದ ಮೇಲೆ ಬರೆದ ಅಂಕೆಯೇ ಕೈಗೆ ಬೀಳುವ ಭಾರವೆಂದು ನಂಬಬಾರದು. ನನ್ನ ಯಂತ್ರದ ಕೆಳಗಿನ ಹಿಡಿಯಲ್ಲಿ ಚಲ ರಾಟೆಯುಂಟು. ‘ನಲವತ್ತು ಕಿಲೋ ಎಳೆದೆ’ ಎಂದು ನಾನು ಮೊದಲ ವಾರ ಮನೆಯಲ್ಲಿ ಬೀಗಿದ್ದೆ. ಎಳೆದುದು ಇಪ್ಪತ್ತೇ ಎಂಬುದು ಏಳನೆಯ ತರಗತಿಗೆ ಪಾಠ ಹೇಳುವಾಗ ಹೊಳೆಯಿತು. ಮನೆಯವರಿಗೆ ಈವರೆಗೂ ತಿಳಿಸಿಲ್ಲ.

ಇದು ನನ್ನ ಮನೆಗೆ ಬಂದ ಬಗೆಯೂ ಸ್ವಾರಸ್ಯದ್ದೇ. ಕಲ್ಯಾಣೀನಗರದ ಒಂದು ಕುಟುಂಬ ಊರು ಬಿಡುತ್ತಿತ್ತು. ಆ ಕಟ್ಟಡದ ಕಾವಲುಗಾರನು ಇಂಡಿ ತಾಲೂಕಿನವನು, ನನ್ನ ಸೀಮೆಯವನು. ‘ಗುರುಗಳೇ, ಹೊಸದಕ್ಕೆ ಕೊಟ್ಟ ಬೆಲೆಯ ಕಾಲು ಭಾಗಕ್ಕೆ ಕೊಡುತ್ತಾರೆ, ಒಂದು ದಿನವೂ ಮುಟ್ಟಿದಂತೆ ಕಾಣೆ’ ಎಂದನು. ಆ ಕಡೆಯ ಮಾತೇ ನನಗೆ ಎಚ್ಚರಿಕೆಯಾಗಬೇಕಿತ್ತು. ಆದರೆ ಮೂವತ್ತು ದಾಟಿದ ಮೇಲೆ ದಿನವೆಲ್ಲ ಹಲಗೆಯ ಮುಂದೆ ನಿಂತು ಸಂಜೆಗೆ ಸೊಂಟ ಹಿಡಿಯುತ್ತಿದ್ದ ನನಗೆ ಅದು ಸಂಜೀವಿನಿಯಂತೆ ತೋರಿತು. ಟೆಂಪೋದಿಂದ ಇಳಿಸಿ ಎರಡು ಅಂತಸ್ತು ಏರಿಸಲು ನಮ್ಮ ಓಣಿಯ ನಾಲ್ವರು ಬಂದರು. ಎಲ್ಲರೂ ಕಲಬುರಗಿ, ಯಾದಗಿರಿ, ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವರಲ್ಲೊಬ್ಬನ ಮಗ ನಮ್ಮ ಶಾಲೆಯಲ್ಲೇ ಓದುತ್ತಾನೆ. ಫಲಕಗಳನ್ನು ಹೊತ್ತು ತಂದಿಟ್ಟು, ಬೆವರೊರೆಸಿಕೊಂಡು, ಇದರಿಂದ ಏನು ಮಾಡುವಿರೆಂದು ಕೇಳಿದರು. ಎತ್ತಿ ಇಳಿಸುವೆನೆಂದೆ. ‘ಎತ್ತಿ ಎಲ್ಲಿಗೆ ಒಯ್ಯುತ್ತೀರಿ?’ ಎಂದನು ಒಬ್ಬ. ಎಲ್ಲಿಗೂ ಇಲ್ಲ ಎಂದೆ. ಅವರು ನಕ್ಕರು, ನಾನೂ ನಕ್ಕೆ.

ಆರಂಭದ ಹದಿನೈದು ದಿನಗಳ ಉತ್ಸಾಹವನ್ನು ವರ್ಣಿಸಬೇಕಾಗಿಲ್ಲ. ಆ ಮೇಲೆ ಪರೀಕ್ಷೆಯ ಪತ್ರಿಕೆಗಳು ಬಂದವು, ಮಳೆ ಬಂದಿತು, ಬಟ್ಟೆ ಒಣಗಿಸಲು ಜಾಗ ಸಾಲದಾಯಿತು. ಮೂರು ತಿಂಗಳು ನನ್ನ ಧೋತರಗಳೂ ಮಕ್ಕಳ ಅಂಗಿಗಳೂ ಆ ಯಂತ್ರದ ತೋಳುಗಳ ಮೇಲೆ ಜೋತಾಡಿದವು. ಇಷ್ಟು ಬೆಲೆಯ ಬಟ್ಟೆಯ ಗಳು ಪುಣೆಯಲ್ಲಿ ಇನ್ನಾರ ಮನೆಯಲ್ಲೂ ಇರಲಾರದೆಂದು ಮನೆಯವರು ಹೇಳಿದ್ದು ಸತ್ಯವೇ ಆಗಿತ್ತು.

ಸಾಮು ತೆಗೆಯುವ ವಿದ್ಯೆಗೆ ನಮ್ಮ ನಾಡು ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿಷಯಕ್ಕೆ ಪ್ರತ್ಯೇಕವಾಗಿ ಸ್ಥಳ ಕೊಟ್ಟಿದ್ದಾನೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲೆತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಆ ಕಲ್ಲಿಗೆ ರಾಟೆಯೂ ಇಲ್ಲ, ಗೂಟವೂ ಇಲ್ಲ. ಊರ ನಡುವೆ ಎಲ್ಲರ ಕಣ್ಣೆದುರು ಬಿದ್ದಿರುವುದರಿಂದ ಅದರ ಮೇಲೆ ಯಾರೂ ಬಟ್ಟೆ ಒಣಗಿಸಲಾರರು. ಗರಡಿಯಲ್ಲಿ ಉಸ್ತಾದನಿರುವನು, ಜೊತೆಗಾರರಿರುವರು; ಒಂದು ದಿನ ತಪ್ಪಿದರೆ ಕೇಳುವವರುಂಟು. ಮನೆಯ ಯಂತ್ರಕ್ಕೆ ಬಾಯಿಯಿಲ್ಲ. ಅದರ ಮುಖ್ಯ ದೋಷ ಇದೇ ಎಂಬುದು ನನ್ನ ಅಭಿಪ್ರಾಯ. ಉಳಿದುವೆಲ್ಲ ಎಣ್ಣೆ ಹಾಕಿದರೆ ಸರಿಹೋಗುವಂಥವು.

ಮನೆಯಲ್ಲಿ ಒಂಟಿಯಾಗಿ ಸಾಧಿಸಿದವರೂ ಉಂಟು, ಇಲ್ಲವೆನ್ನಲಾರೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು, ‘ಶಾಂತಲಾ’ ಕಾದಂಬರಿಯನ್ನು ಬರೆದ ಅಯ್ಯರ್ ಅವರೇ, ದೂರದ ಊರುಗಳವರಿಗೆ ಅಂಚೆಯ ಮೂಲಕ ಅಂಗಸಾಧನೆಯ ಪಾಠಗಳನ್ನು ಕಳಿಸುತ್ತಿದ್ದರು. ಉಸ್ತಾದನ ಸ್ಥಾನದಲ್ಲಿ ಒಂದು ಲಕೋಟೆ! ಇನ್ನು ನಮ್ಮ ಈ ಊರಿನಲ್ಲೇ ಬಾಳಿದ ಬಿ. ಕೆ. ಎಸ್. ಅಯ್ಯಂಗಾರ್ ಅವರನ್ನು ನೋಡಿರಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯವನ್ನೆಲ್ಲ ರೋಗಗಳಲ್ಲಿ ಕಳೆದು, ಮೈಸೂರಿನಲ್ಲಿ ಯೋಗವನ್ನು ಕಲಿತು, 1937ರಲ್ಲಿ ಪುಣೆಗೆ ಶಿಕ್ಷಕರಾಗಿ ಬಂದವರು. ಆಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. 2014ರಲ್ಲಿ ತೀರಿಕೊಳ್ಳುವವರೆಗೂ ಈ ಊರೇ ಅವರ ಕಾರ್ಯಕ್ಷೇತ್ರವಾಗಿತ್ತು. ಗೋಡೆಗೆ ಕಟ್ಟಿದ ಹಗ್ಗ, ಮರದ ದಿಮ್ಮಿ, ಪಟ್ಟಿ, ಮನೆಯ ಕುರ್ಚಿ—ಇವೇ ಅವರ ಸಾಧನಗಳು. ಸೆಟೆದ ದೇಹವು ತಾನಾಗಿ ಮುಟ್ಟಲಾರದ ಸ್ಥಿತಿಯನ್ನು ಇವುಗಳ ಆಧಾರದಿಂದ ಮುಟ್ಟಿಸುತ್ತಿದ್ದರು. ಸಾಧನವೆಂದರೆ ಕೀಳೆಂದು ಅವರು ಭಾವಿಸಲಿಲ್ಲ. ನನ್ನ ಯಂತ್ರದ ಬಗೆಗೆ ನನಗಿದ್ದ ಸಂಕೋಚವು ಇದನ್ನು ತಿಳಿದ ಮೇಲೆ ಅಷ್ಟಿಷ್ಟು ಕಡಿಮೆಯಾಯಿತು.

ಇದಕ್ಕಿಂತ ಹತ್ತಿರದ ನಿದರ್ಶನವು ನಮ್ಮ ನೆರೆಯಲ್ಲೇ, ಕಾರಾಗೃಹದ ಎತ್ತರದ ಗೋಡೆಯ ಆಚೆಗೆ ಇದೆ. 1930ರ ಸುಮಾರಿಗೆ ಗಾಂಧೀಜಿಯವರು ಯೆರವಡಾ ಸೆರೆಮನೆಯಲ್ಲಿದ್ದಾಗ, ಪೆಟ್ಟಿಗೆಯೊಳಗೆ ಅಡಗಿಸಿ ಕೈಯಲ್ಲಿ ಹಿಡಿದೊಯ್ಯಬಹುದಾದ ಚರಕವನ್ನು ರೂಪಿಸುವ ಕೆಲಸದಲ್ಲಿ ತೊಡಗಿದ್ದರು. ಅದಕ್ಕೆ ಯೆರವಡಾ ಚಕ್ರವೆಂದೇ ಹೆಸರಾಯಿತು. ದೊಡ್ಡದೊಂದು, ಸಣ್ಣದೊಂದು ಗಾಲಿ, ನಡುವೆ ದಾರದ ಮಾಲೆ. ನನ್ನ ಯಂತ್ರದ ರಾಟೆಗಳಿಗೂ ಅದಕ್ಕೂ ನೆಂಟಸ್ತಿಕೆಯುಂಟು. ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ: ಚರಕವನ್ನು ತಿರುಗಿಸಿದವನ ಕೈಯಲ್ಲಿ ಕಡೆಗೆ ನೂಲು ಉಳಿಯುತ್ತದೆ.

ಈ ಮಾತನ್ನು ನನಗೆ ಮನಗಾಣಿಸಿದವನು, ಫಲಕಗಳನ್ನು ಹೊತ್ತು ತಂದ ಆ ಗೃಹಸ್ಥನ ಮಗ. ಒಂದು ದಿನ ಯಂತ್ರವನ್ನೂ ನನ್ನನ್ನೂ ಬಹಳ ಹೊತ್ತು ನೋಡಿ ಅವನು ಕೇಳಿದನು: ‘ಗುರುಗಳೇ, ನಮ್ಮಪ್ಪ ಭಾರ ಎತ್ತಿದರೆ ದುಡ್ಡು ಕೊಡುತ್ತಾರೆ. ನೀವು ಭಾರ ಎತ್ತಲು ಯಾಕೆ ದುಡ್ಡು ಕೊಟ್ಟಿರಿ?’ ಹುಡುಗನಲ್ಲಿ ಕುಚೋದ್ಯವಿರಲಿಲ್ಲ. ನನಗೆ ಉತ್ತರ ತೋಚಲಿಲ್ಲ. ಮನೆಪಾಠವನ್ನು ಬರೆದೆಯಾ ಎಂದು ಗದರಿಸಿ ಕಳಿಸಿಬಿಟ್ಟೆ. ಶಿಕ್ಷಕರು ಹೀಗೆ ತಪ್ಪಿಸಿಕೊಳ್ಳುವುದು ನಿಮಗೆ ಹೊಸದಲ್ಲ.

ಆ ರಾತ್ರಿ ಲೆಕ್ಕ ಹಾಕಿದೆ. ನನ್ನ ಯಂತ್ರದ ಫಲಕಗಳೆಲ್ಲವೂ ಸೇರಿ 50 ಕಿಲೋಗ್ರಾಂ. ಸಿಮೆಂಟಿನ ಒಂದು ಚೀಲವೂ 50 ಕಿಲೋಗ್ರಾಂ. ನಾನು ಹಣ ಕೊಟ್ಟು ತಂದು, ಎರಡು ವರ್ಷಗಳಲ್ಲಿ ಒಮ್ಮೆಯೂ ಪೂರ್ತಿ ಎತ್ತಲಾಗದ ರಾಶಿಯನ್ನು ಅವನ ತಂದೆಯು ದಿನಕ್ಕೆ ಎಷ್ಟೋ ಸಲ ಬೆನ್ನ ಮೇಲೆ ಹೊತ್ತು ಮೆಟ್ಟಿಲೇರುತ್ತಾನೆ. ಒಬ್ಬ ವಯಸ್ಕ ಪುರುಷನು ಹೊರುವ ಭಾರವು 55 ಕಿಲೋಗ್ರಾಮಿಗಿಂತ ಹೆಚ್ಚಿದ್ದಲ್ಲಿ ಅದನ್ನು ಬೇಗನೆ ಆ ಮಿತಿಗೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಶಿಫಾರಸು ಮಾಡಿತು. ನಮ್ಮ ಸಿಮೆಂಟಿನ ಚೀಲವು ಆ ಗೆರೆಗೆ ಐದು ಕಿಲೋ ಈಚೆಗೆ ನಿಂತಿದೆ.

ಹಾಗಾದರೆ ಅವನ ತಂದೆಗೆ ವ್ಯಾಯಾಮ ದಿನವೂ ಆಗುತ್ತಿದೆ, ನನಗಿಂತ ಆತನೇ ದೃಢಕಾಯನಾಗಿರಬೇಕು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ನಲವತ್ತಾಗದ ಆ ಮನುಷ್ಯನಿಗೆ ಬಲಭುಜವು ಕಿವಿಯ ಎತ್ತರಕ್ಕಿಂತ ಮೇಲೆ ಏಳುವುದಿಲ್ಲ. ಬೆಳಗ್ಗೆ ಏಳುವಾಗ ಗೋಡೆ ಹಿಡಿಯಬೇಕು. ಕೂಲಿಗೂ ವ್ಯಾಯಾಮಕ್ಕೂ ಇರುವ ಅಂತರವು ಭಾರದಲ್ಲಿಲ್ಲ. ವ್ಯಾಯಾಮದಲ್ಲಿ ಭಾರವನ್ನು ನಾನು ಆರಿಸುತ್ತೇನೆ, ಎಡಬಲಗಳೆರಡಕ್ಕೂ ಸಮವಾಗಿ ಹಂಚುತ್ತೇನೆ, ನೋವು ಕಂಡೊಡನೆ ಬಿಡುತ್ತೇನೆ, ಒಂದು ದಿನ ದುಡಿದ ಅಂಗಕ್ಕೆ ಮರುದಿನ ಬಿಡುವು ಕೊಡುತ್ತೇನೆ. ಸ್ನಾಯುವು ಎತ್ತುವಾಗ ಬೆಳೆಯುವುದಿಲ್ಲ. ತರುವಾಯದ ವಿಶ್ರಾಂತಿಯಲ್ಲಿ, ಬೇಳೆ, ಶೇಂಗಾ, ಹಾಲುಗಳಿಂದ ದೊರೆಯುವ ಪೌಷ್ಟಿಕಾಂಶದಿಂದ ಬೆಳೆಯುವುದು. ಕೂಲಿಯವನಿಗೆ ಆಯ್ಕೆಯೂ ಇಲ್ಲ, ಬಿಡುವೂ ಇಲ್ಲ. ಒಂದೇ ಭುಜ, ಒಂದೇ ಬಾಗು, ದಣಿದ ಮೇಲೆಯೂ ಮತ್ತೊಂದು ಚೀಲ. ಈ ನಗರವು ಕೆಲವರ ಮೈಯಿಂದ ದುಡಿಮೆಯನ್ನೆಲ್ಲ ಕಿತ್ತು ಬೇರೆ ಕೆಲವರ ಮೈಮೇಲೆ ಹೇರಿದೆ. ಮೊದಲನೆಯವರು ಕುಳಿತು ಕುಳಿತು ಸೊಂಟ ಹಿಡಿಸಿಕೊಂಡು ಯಂತ್ರ ಕೊಳ್ಳುತ್ತಾರೆ. ಎರಡನೆಯವರು ಆ ಯಂತ್ರವನ್ನು ಮಹಡಿಗೆ ಹೊತ್ತು ತರುತ್ತಾರೆ. ನಾನು ಈ ಎರಡು ವರ್ಗಗಳ ನಡುವೆ ಎಲ್ಲೋ ನಿಂತಿರುವವನು. ನನ್ನ ತಂದೆಯೂ ಚೀಲ ಹೊತ್ತವರೇ.

ಮುಂದಿನ ರವಿವಾರ ಆ ಹುಡುಗನನ್ನು ಕರೆದು, ನಿನ್ನ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ತಂದೆಯನ್ನೂ ಕರೆದುಕೊಂಡು ಬಾ ಎಂದೆ. ಅವರು ಬಂದರು. ವೈದ್ಯರಿಗೆ ಒಮ್ಮೆ ಭುಜವನ್ನು ತೋರಿಸಿಕೊಂಡ ಮೇಲೆ, ಕೇವಲ ಒಂದೇ ಫಲಕದಿಂದ ಆರಂಭವಾಯಿತು. ಎಂಥ ಭಾರವನ್ನೂ ಹೊರಬಲ್ಲ ಆತನಿಗೆ ಐದು ಕಿಲೋವನ್ನು ನಿಧಾನವಾಗಿ, ಬೆನ್ನನ್ನು ನೆಟ್ಟಗಿಟ್ಟು, ಎದೆಯ ಕಡೆಗೆ ಎಳೆಯುವುದು ಮೊದಮೊದಲು ನಗೆಗೆ ಕಾರಣವಾಯಿತು. ನಾಲ್ಕನೆಯ ವಾರಕ್ಕೆ ನಗು ನಿಂತಿತು. ಭುಜ ಪೂರ್ತಿ ಸರಿಯಾಯಿತೆಂದು ನಾನು ಹೇಳುವುದಿಲ್ಲ. ಈಗ ಅಂಗಿ ತೊಡುವಾಗ ಹೆಂಡತಿಯ ಸಹಾಯ ಬೇಡವಂತೆ. ಅಂದಿನಿಂದ ನನ್ನ ಯಂತ್ರದ ಮೇಲೆ ಬಟ್ಟೆ ಬಿದ್ದಿಲ್ಲ. ಏಕೆಂದರೆ ರವಿವಾರ ಬೆಳಗ್ಗೆ ಏಳಕ್ಕೆ ಬಾಗಿಲು ಬಡಿಯುವವರಿದ್ದಾರೆ. ಬಾಯಿಯಿಲ್ಲದ ಯಂತ್ರಕ್ಕೆ ಹೀಗೆ ಬಾಯಿ ಬಂದಿತು.

ಇಂಥದನ್ನು ಕೊಡಿಸಿರೆಂದು ತಂದೆತಾಯಿಗಳನ್ನು ಪೀಡಿಸಬೇಕೆಂದಿದ್ದವರಿಗೆ ನನ್ನ ಬೆಂಬಲವಿಲ್ಲ. ನಿಮ್ಮ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ವಾರಕ್ಕೆ ಕನಿಷ್ಠ 3 ದಿನ ಸ್ನಾಯುಗಳಿಗೆ ಬಲ ಬರುವಂಥ ಸಾಧನೆಯನ್ನೂ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಅದಕ್ಕೆ ಶಾಲೆಯ ಅಂಗಳ, ದಂಡ, ಬಸ್ಕಿ, ಸೂರ್ಯನಮಸ್ಕಾರ, ಜೋತುಬೀಳಲು ಒಂದು ಕೊಂಬೆ ಸಾಕು. ಭಾರವೆತ್ತಿದರೆ ಎತ್ತರ ಬೆಳೆಯುವುದಿಲ್ಲವೆಂಬ ಭೀತಿಗೆ ಆಧಾರವಿಲ್ಲ. ಆದರೆ ತಿಳಿದವರು ಎದುರಿಗಿರದೆ ಎತ್ತುವುದು ತಪ್ಪು. ಮೊದಲ ವಾರಗಳಲ್ಲಿ ಬಲ ಹೆಚ್ಚಿದಂತೆ ಕಂಡರೆ ಹಿಗ್ಗಬೇಡಿರಿ. ಆಗ ಕಲಿತುಕೊಳ್ಳುವುದು ಬಹುಮಟ್ಟಿಗೆ ನರಗಳು, ಸ್ನಾಯು ಬೆಳೆಯಲು ಇನ್ನೂ ತಿಂಗಳುಗಳು ಬೇಕು. ನನ್ನ ಮಾತಿಗೆ ಸಾಕ್ಷಿ ಬೇಕಾದರೆ ಮಳೆಗಾಲದಲ್ಲಿ ಕಲ್ಯಾಣೀನಗರದ ಮಹಡಿಗಳ ಮೇಲೆ ಕಣ್ಣಾಡಿಸಿರಿ. ನನ್ನ ಯಂತ್ರದ ಅಣ್ಣತಮ್ಮಂದಿರು ಎಷ್ಟು ಮಂದಿ ಧೋತರ ಹೊತ್ತು ನಿಂತಿದ್ದಾರೆಂದು ಕಾಣುವುದು.

ರವಿವಾರ ಬರುವ ಬಾಲಕರಿಗೆ ಒಂದು ಸೂಚನೆ. ಮೇಲಿನ ರಾಟೆಯ ಬಳಿ ಹಗ್ಗದ ಎರಡು ಎಳೆಗಳು ಬಿಚ್ಚಿಕೊಂಡಿರುವುದನ್ನು ಮೊನ್ನೆ ಕಂಡೆನು. ಉಕ್ಕಿನ ಹಗ್ಗವು ಸವೆಯುವುದು ಹೀಗೆಯೇ, ರಾಟೆಯ ಮೇಲೆ ಬಾಗುವಲ್ಲಿ. ಕಡಿದರೆ ತಲೆಯ ಮೇಲಿನ ಹಿಡಿಯು ಎಳೆಯುವವನ ಮುಖಕ್ಕೇ ಬರುತ್ತದೆ, ಫಲಕಗಳು ಕೆಳಕ್ಕೆ ಬೀಳುತ್ತವೆ. ಹೊಸ ಹಗ್ಗವನ್ನು ಹಾಕಿಸುವವರೆಗೆ ಗೂಟವು ನನ್ನ ಮೇಜಿನ ಕಪಾಟಿನಲ್ಲಿ ಬೀಗದೊಳಗಿರುವುದು. ಅಲ್ಲಿಯತನಕ ಅಂಗಳದಲ್ಲಿ ಬಸ್ಕಿ ಹೊಡೆಯೋಣ. ಏಳು ಗಂಟೆಗೇ ಬನ್ನಿರಿ.