ಕೇಂದ್ರವಿಲ್ಲದ ಜಾಲಕ್ಕೂ ಕಟ್ಟುಪಾಡು ಬೇಕು

2021ನೆಯ ಇಸವಿ ಅಕ್ಟೋಬರ್ 4ನೆಯ ತಾರೀಖಿನ ರಾತ್ರಿ ಸುಮಾರು ಒಂಬತ್ತು ಘಂಟೆಗೆ, ನಮ್ಮ ದೇಶದ ಕೋಟ್ಯಂತರ ಜನರ ಕೈಯಲ್ಲಿದ್ದ ವಾಟ್ಸಪ್ ಒಮ್ಮೆಗೇ ಮೂಕವಾದುದನ್ನು ವಾಚಕರು ಮರೆತಿರಲಾರರು. ಅದರೊಡನೆ ಫೇಸ್‌ಬುಕ್ಕೂ ಇನ್‌ಸ್ಟಾಗ್ರಾಮೂ ಪ್ರಪಂಚದ ಉದ್ದಗಲಕ್ಕೆ ಸುಮಾರು ಆರು ಘಂಟೆಗಳ ಕಾಲ ಸ್ತಬ್ಧವಾದುವು. ಯಾವ ಶತ್ರುವೂ ದಾಳಿಮಾಡಿರಲಿಲ್ಲ. ಸಮುದ್ರದ ತಳದ ಯಾವ ತಂತಿಯೂ ತುಂಡಾಗಿರಲಿಲ್ಲ. ಮಾಮೂಲು ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯು ಆ ಕಂಪೆನಿಯ ಯಂತ್ರಾಗಾರಗಳನ್ನು ಒಂದಕ್ಕೊಂದು ಜೋಡಿಸುವ ಮೂಲಸಂಪರ್ಕವನ್ನೇ ಕಡಿದುಹಾಕಿತು. ಒಂದು ಮನೆಯ ದೀಪ ಆರಿದರೆ ಆ ಮನೆಗೆ ಕತ್ತಲೆಯಾಗುವುದು ಲೋಕರೂಢಿ. ಇಲ್ಲಿ ಒಂದು ಮನೆಯ ದೀಪ ಆರಿದುದಕ್ಕೆ ಲೋಕದ ಕೇರಿಕೇರಿಗಳೆಲ್ಲ ಕತ್ತಲಾದುವು.

ಇಂಥ ಪ್ರಸಂಗ ಬಂದಾಗಲೆಲ್ಲ, "ಕೇಂದ್ರವನ್ನೇ ತೆಗೆದುಹಾಕಿರಿ, ಯಂತ್ರಗಳು ಸರಿಸಮಾನವಾಗಿ ಒಂದರೊಡನೊಂದು ಮಾತನಾಡಲಿ" ಎಂಬ ಕೂಗು ಏಳುತ್ತದೆ. ಕೂಗು ನ್ಯಾಯವಾದುದೇ. ಆದರೆ ಕೇಂದ್ರವನ್ನು ತೆಗೆದ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ, ಅಲ್ಲಿಂದಲೇ ಮೊದಲಾಗುತ್ತದೆಂಬುದನ್ನು ಹೇಳುವವರು ವಿರಳ. ಒಡೆಯನಿಲ್ಲದ ಜಾಲವು ಮಿತವ್ಯಯದ ಕಟ್ಟುಪಾಡನ್ನು ತಾನೇ ಕಲ್ಪಿಸಿಕೊಳ್ಳದಿದ್ದರೆ, ತನ್ನ ಸಂದೇಶಗಳ ಭಾರದಲ್ಲಿ ತಾನೇ ಮುಳುಗುವುದು. ಇಲ್ಲವೆ ಭಾರ ಹೊರಬಲ್ಲ ಧನಿಕನೊಬ್ಬನನ್ನು ಮರಳಿ ಒಡೆಯನನ್ನಾಗಿ ಮಾಡಿಕೊಳ್ಳುವುದು. ಇದು ಊಹೆಯ ಮಾತಲ್ಲ, ನಡೆದುಹೋದ ಇತಿಹಾಸ.

1964ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯ ಪಾಲ್ ಬಾರನ್ ಮಹಾಶಯರು, ಅಣುಯುದ್ಧವೊದಗಿದರೂ ಕಡಿದುಹೋಗದಂಥ ವಾರ್ತಾಸಂಪರ್ಕವನ್ನು ಹೇಗೆ ರಚಿಸಬೇಕೆಂಬುದನ್ನು ವಿಚಾರಿಸಿ ಗ್ರಂಥಮಾಲೆಯೊಂದನ್ನು ಪ್ರಕಟಿಸಿದರು. ಎಲ್ಲ ನೆಲೆಗಳನ್ನೂ ಹೇಗಾದರೂ ಒಂದುಗೂಡಿಸಲು ಬೇಕಾಗುವ ಕನಿಷ್ಠ ಕೊಂಡಿಗಳಿಗಿಂತ ಮೂರು ನಾಲ್ಕು ಪಟ್ಟು ಕೊಂಡಿಗಳಿದ್ದರೆ ಸಾಕು, ಅನೇಕ ನೆಲೆಗಳು ನಾಶವಾದರೂ ಉಳಿದವು ಪರಸ್ಪರ ಮಾತನಾಡಬಲ್ಲವೆಂದು ಅವರು ತೋರಿಸಿದರು. ಬಾಳಿಕೆಯ ಬೆಲೆಯು ನಾವು ಹೆದರುವಷ್ಟು ದುಬಾರಿಯಲ್ಲವೆಂಬುದು ಇದರಿಂದ ಸಿದ್ಧವಾಯಿತು. ಆದರೆ ಕೊಂಡಿಗಳಿರುವುದು ಬೇರೆ. ಒಬ್ಬನ ಮಾತು ಎಲ್ಲರಿಗೂ ಮುಟ್ಟುವಂತೆ ಅವುಗಳನ್ನು ಉಪಯೋಗಿಸುವುದು ಬೇರೆ.

ಅತಿ ಸುಲಭವಾದ ಉಪಾಯವೆಂದರೆ ಪ್ರವಾಹ. ಸಂದೇಶ ಬಂದೊಡನೆ, ಕೊಟ್ಟವನೊಬ್ಬನನ್ನು ಬಿಟ್ಟು ಮಿಕ್ಕ ನೆರೆಯವರೆಲ್ಲರಿಗೂ ಅದನ್ನು ದಾಟಿಸುವುದು. ಇದರ ಖರ್ಚನ್ನು ವಾಚಕರೇ ಲೆಕ್ಕಮಾಡಿ ನೋಡಬಹುದು. 1,000 ನೆಲೆಗಳಿವೆ, ಪ್ರತಿಯೊಂದಕ್ಕೂ ಆರು ನೆರೆಗಳಿವೆ ಎಂದಿಟ್ಟುಕೊಳ್ಳೋಣ. ಸುದ್ದಿ ಹೊರಡಿಸಿದ ನೆಲೆಯನ್ನು ಬಿಟ್ಟರೆ ಅವಶ್ಯವಾದ ರವಾನೆಗಳು 999 ಮಾತ್ರ. ಪ್ರವಾಹದಲ್ಲಿ ಹೊರಡುವ ಪ್ರತಿಗಳಾದರೋ 5,001! ಐದರಲ್ಲಿ ನಾಲ್ಕು ಪಾಲು, ಕೇಳಿದ್ದನ್ನೇ ಮತ್ತೆ ಕೇಳಿಸಿದ ವ್ಯರ್ಥಶ್ರಮ. ಕೆರೆಯ ಏರಿಯನ್ನು ಒಡೆದರೂ ಗದ್ದೆಗೆ ನೀರು ಹರಿಯುತ್ತದೆ, ನಿಜ. ಹಾಗೆಂದು ಯಾವ ರೈತನೂ ತೂಬನ್ನು ಬಿಟ್ಟು ಏರಿಯನ್ನು ಒಡೆಯುವುದಿಲ್ಲ.

ಈ ಮಾರ್ಗವನ್ನು ಹಿಡಿದ ಯೂಸ್‌ನೆಟ್ಟಿನ ಕಥೆಯು ನಮ್ಮ ಮಾತಿಗೆ ಸಾಕ್ಷಿ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬವರು ಅದನ್ನು ಕಲ್ಪಿಸಿದರು. ಮರುವರ್ಷ ಅದು ಸಾರ್ವಜನಿಕವಾಯಿತು. ಒಂದು ಯಂತ್ರವು ಮತ್ತೊಂದನ್ನು ಟೆಲಿಫೋನಿನ ಮೂಲಕ ಕರೆದು ಚರ್ಚಾಲೇಖಗಳನ್ನು ವಿನಿಮಯ ಮಾಡಿಕೊಳ್ಳುವುದೇ ಅದರ ಕ್ರಮ. ಪ್ರತಿ ಲೇಖಕ್ಕೂ ಪ್ರತ್ಯೇಕ ಗುರುತು. ಹಾದುಬಂದ ನೆಲೆಗಳ ಹೆಸರುಗಳೂ ಅದರ ಮೇಲೆಯೇ. ಹೀಗಾಗಿ ಒಮ್ಮೆ ಕಂಡದ್ದನ್ನು ಮತ್ತೆ ಸ್ವೀಕರಿಸಬೇಕಾಗಿರಲಿಲ್ಲ. ಆದರೂ ದೂರದೂರಿಗೆ ಕರೆಮಾಡುವ ವೆಚ್ಚ ಬೆಳೆಯುತ್ತ ಹೋಯಿತು. ಅದನ್ನು ಭರಿಸಬಲ್ಲ ದೊಡ್ಡ ಸಂಸ್ಥೆಗಳ ಕೆಲವೇ ಯಂತ್ರಗಳು ಜಾಲದ 'ಬೆನ್ನೆಲುಬು' ಎನಿಸಿಕೊಂಡುವು. ಹಣ ತೆತ್ತವರ ಮಾತೇ ನಡೆಯುವುದು ಲೋಕಧರ್ಮವಷ್ಟೆ! ಚರ್ಚಾಗುಂಪುಗಳಿಗೆಲ್ಲ ಹೊಸ ಹೆಸರು, ಹೊಸ ವಿಂಗಡಣೆ ಮಾಡಿದವರೂ, ಯಾವುದನ್ನು ಸಾಗಿಸಬೇಕು ಯಾವುದು ಬೇಡವೆಂದು ನಿರ್ಣಯಿಸತೊಡಗಿದವರೂ ಅವರೇ. ಇದಕ್ಕೊಪ್ಪದವರು 1987ರಲ್ಲಿ 'ಆಲ್ಟ್' ಎಂಬ ಬೇರೊಂದು ಶಾಖೆಯನ್ನು ತೆರೆದು, ಬೆನ್ನೆಲುಬನ್ನು ಬಿಟ್ಟು ಅನ್ಯಮಾರ್ಗದಿಂದ ಸಾಗಿಸಬೇಕಾಯಿತು. ಯಾರೂ ಒಡೆಯರಾಗಬಾರದೆಂದು ಕಟ್ಟಿದ ಜಾಲದಲ್ಲಿ ಏಳೆಂಟು ವರ್ಷಗಳೊಳಗೇ ಒಡೆಯರು ಹುಟ್ಟಿದರು. ಅವರನ್ನು ಹುಟ್ಟಿಸಿದ್ದು ದುರುದ್ದೇಶವಲ್ಲ, ಟೆಲಿಫೋನಿನ ಬಿಲ್ಲು.

ಹಾಗಾದರೆ ಉಪಾಯವೇನು? ಅದೇ 1987ರಲ್ಲಿ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದ ಅಲನ್ ಡೆಮರ್ಸ್ ಮತ್ತು ಸಂಗಡಿಗರು, ಊರಿನಲ್ಲಿ ಗುಲ್ಲು ಹಬ್ಬುವ ರೀತಿಯನ್ನೇ ಶಾಸ್ತ್ರಕ್ಕೆ ತಂದರು. ಸುದ್ದಿ ಬಲ್ಲ ನೆಲೆಯು ಒಂದೊಂದು ಸುತ್ತಿಗೆ ಯಾರಾದರೊಬ್ಬರಿಗೆ ಮಾತ್ರ ಹೇಳುವುದು. ಒಬ್ಬರಿಬ್ಬರಾಗಿ, ಇಬ್ಬರು ನಾಲ್ವರಾಗಿ, ಎಲ್ಲ ಸರಿಹೋದರೆ ಹತ್ತು ಸುತ್ತುಗಳಲ್ಲಿ 1,024 ಮಂದಿಗೆ ಸುದ್ದಿ ತಿಳಿಯುತ್ತದೆ. ಕೇಳಿದವನಿಗೇ ಮತ್ತೆ ಹೇಳುವ ಪ್ರಮಾದವನ್ನು ಕೂಡಿಸಿದರೂ ಸುಮಾರು ಹದಿನೇಳು ಸುತ್ತು. ನಡುವೆ ಹತ್ತು ನೆಲೆಗಳು ಕೆಟ್ಟು ನಿಂತರೂ ಗುಲ್ಲು ನಿಲ್ಲುವುದಿಲ್ಲ. ದೂರದ ನೆಲೆಗಳಿಗಿಂತ ಹತ್ತಿರದವುಗಳೊಡನೆ ಹೆಚ್ಚಾಗಿ ಮಾತನಾಡುವಂತೆ ಏರ್ಪಡಿಸಿದರೆ, ಸಮುದ್ರ ದಾಟುವ ದುಬಾರಿ ಕೊಂಡಿಗಳ ಮೇಲಿನ ಹೊರೆಯು ಬಹಳವಾಗಿ ಇಳಿಯುವುದೆಂಬುದನ್ನೂ ಅವರು ಕಂಡುಕೊಂಡರು.

2007ರಲ್ಲಿ ಪೋರ್ಚುಗಲ್ ದೇಶದ ಲೈಟಾವ್, ಪೆರೇರ, ರಾಡ್ರಿಗೆಸ್ ಎಂಬ ವಿದ್ವಾಂಸರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರ ಏರ್ಪಾಡಿನಲ್ಲಿ ಮೊದಲು ಎಲ್ಲ ಕೊಂಡಿಗಳ ಮೂಲಕವೂ ಸಂದೇಶ ಹೋಗುತ್ತದೆ. ಒಂದೇ ಸಂದೇಶ ಎರಡನೆಯ ಸಲ ಬಂದ ದಾರಿಯನ್ನು "ಇನ್ನು ಪೂರ್ಣಪ್ರತಿ ಬೇಡ" ಎಂದು ಸವರಿಬಿಡುತ್ತಾರೆ. ಕೊನೆಗೆ ಉಳಿಯುವುದು ಮರದ ಕೊಂಬೆಗಳಂಥ ಮಿತವಾದ ದಾರಿ. ಸವರಿದ ಕೊಂಡಿಯನ್ನು ಕಿತ್ತೊಗೆಯುವುದಿಲ್ಲ. ಅದರ ಮೂಲಕ "ಇಂಥ ಗುರುತಿನ ಸುದ್ದಿ ನನ್ನಲ್ಲಿದೆ" ಎಂಬ ಚೀಟಿ ಮಾತ್ರ ಹೋಗುತ್ತದೆ. ಚೀಟಿ ಬಂದರೂ ಸುದ್ದಿ ಬಾರದಿದ್ದರೆ, ಎಲ್ಲಿಯೋ ಕೊಂಬೆ ಮುರಿದಿದೆಯೆಂದು ತಿಳಿದು, ಚೀಟಿ ಕೊಟ್ಟವನಿಂದಲೇ ಸುದ್ದಿಯನ್ನು ತರಿಸಿಕೊಂಡು ಆ ದಾರಿಯನ್ನು ಮರಕ್ಕೆ ಕಸಿಮಾಡುತ್ತಾರೆ. ನೆಮ್ಮದಿಯ ಕಾಲಕ್ಕೆ ಮರದ ಮಿತವ್ಯಯ, ಆಪತ್ಕಾಲಕ್ಕೆ ಗುಲ್ಲಿನ ಗಟ್ಟಿತನ, ಎರಡೂ ಕೂಡಿಬಂದ ಈ ವ್ಯವಸ್ಥೆಯಲ್ಲಿ ಒಡೆಯನ ಆವಶ್ಯಕತೆಯೇ ಇಲ್ಲ.

"ಒಡೆಯನಿಲ್ಲದೆಡೆ ಸುಳ್ಳೂ ಹೊಲಸೂ ತಡೆಯಿಲ್ಲದೆ ಹಬ್ಬುವುದಿಲ್ಲವೆ?" ಎಂದು ಅಧಿಕಾರಿವರ್ಗದವರು ಕೇಳಬಹುದು. ಪ್ರಶ್ನೆ ತಕ್ಕುದೇ. 1994ರಲ್ಲಿ ಇಬ್ಬರು ವಕೀಲರು ತಮ್ಮ ಜಾಹೀರಾತನ್ನು ಯೂಸ್‌ನೆಟ್ಟಿನ ಸಾವಿರಾರು ಗುಂಪುಗಳಿಗೆ ಸುರಿದು ಅದನ್ನು ಹೊಲಸುಮಾಡಿದುದು ಸರ್ವವಿದಿತ. ಆದರೆ ಒಡೆಯನಿರುವ ಜಾಲದಲ್ಲಿ ಸುಳ್ಳು ಹಬ್ಬುವುದು ನಿಂತಿದೆಯೆಂದು ಎದೆತಟ್ಟಿ ಹೇಳಬಲ್ಲವರು ಯಾರು? ಪ್ರತಿ ನೆಲೆಗೂ ಬೇಡವಾದುದನ್ನು ಸಾಗಿಸದಿರುವ ಅಧಿಕಾರವಿರಲಿ. ಯಾವ ನೆಲೆಗೂ ಇತರರೆಲ್ಲರ ಬಾಯನ್ನು ಕಟ್ಟುವ ಅಧಿಕಾರ ಇರಕೂಡದು. ಒಂದೂರಿನ ಹಿರಿಯರು ತಮ್ಮ ಊರಿಗೆ ನ್ಯಾಯ ಹೇಳುವುದಕ್ಕೂ, ಪರದೇಶದ ಒಂದು ಕಂಪೆನಿಯು ಎಲ್ಲ ಊರುಗಳಿಗೂ ಒಂದೇ ನ್ಯಾಯ ಹೇಳುವುದಕ್ಕೂ ಇರುವ ಅಂತರ ಇದೇ.

ನಮ್ಮ ನಾಡಿನ ಎಷ್ಟೋ ಕಛೇರಿಗಳೂ ಶಾಲೆಗಳೂ ಸಂಘಗಳೂ ಇಂದು ತಮ್ಮ ತುರ್ತು ಪ್ರಕಟನೆಗಳನ್ನು ಒಂದೇ ಕಂಪೆನಿಯ ಬಾಗಿಲಿನಿಂದ ಹೊರಡಿಸುತ್ತಿವೆ. ಅದು ಸುಲಭ, ಬಿಟ್ಟಿಯೂ ಹೌದು. ಬೇರೆ ಮಾರ್ಗವಿಲ್ಲವೆನ್ನುವಂತಿಲ್ಲ. ಅನೇಕ ಸ್ವತಂತ್ರ ಯಂತ್ರಗಳು ಕೂಡಿ ನಡೆಯುವ ಮಾಸ್ಟಡಾನ್ 2016ರಲ್ಲಿಯೇ ಹುಟ್ಟಿತು. ಅಂಥ ಯಂತ್ರಗಳು ಪರಸ್ಪರ ಮಾತನಾಡುವ 'ಆಕ್ಟಿವಿಟಿಪಬ್' ಎಂಬ ಪದ್ಧತಿಗೆ 2018ರಲ್ಲಿ ಅಂತರಜಾಲದ ಶಿಷ್ಟತೆಗಳನ್ನು ರೂಪಿಸುವ ಮಂಡಲಿಯ ಮನ್ನಣೆಯೂ ದೊರೆಯಿತು. ಅಲ್ಲಿಯೂ ಲಕ್ಷಾಂತರ ಜನ ಅನುಸರಿಸುವವನೊಬ್ಬನ ಸಂದೇಶವನ್ನು ಸಾವಿರಾರು ಯಂತ್ರಗಳಿಗೆ ಕಳುಹಿಸುವ ಹೊರೆಯು ಆತನ ನೆಲೆಯ ತಲೆಯ ಮೇಲೆಯೇ ಬೀಳುತ್ತದೆ. ಆ ಹೊರೆಯನ್ನು ಹಂಚಿಕೊಳ್ಳದಿದ್ದರೆ ಚಿಕ್ಕ ನೆಲೆಗಳು ಮುಚ್ಚಿ ದೊಡ್ಡವು ಮಾತ್ರ ಉಳಿಯುವುವು. ಯೂಸ್‌ನೆಟ್ಟಿನ ಬೆನ್ನೆಲುಬು ಮತ್ತೆ ಬೆಳೆಯುವುದು.

ಆದುದರಿಂದ ಕಾಲೇಜುಗಳೂ ಪುಸ್ತಕಾಲಯಗಳೂ ಪೌರಸಭೆಗಳೂ ತಂತಮ್ಮ ನೆಲೆಗಳನ್ನು ಸ್ಥಾಪಿಸಬೇಕು. ಒಂದೊಂದು ನೆಲೆಯೂ ಹತ್ತಿರದ ಕೆಲವು, ದೂರದ ಒಂದೆರಡು ನೆರೆಗಳೊಡನೆ ಸಂಬಂಧವನ್ನಿರಿಸಿಕೊಳ್ಳಬೇಕು. ಖರ್ಚನ್ನು ಶಕ್ತ್ಯನುಸಾರ ಹಂಚಿಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತನ್ನು ಯಂತ್ರಗಳಿಗೂ ಕಲಿಸಬೇಕಾಗಿದೆ. ಬಿಟ್ಟಿಯಾಗಿ ದೊರೆತ ಬಾಯಿಯು ಕೊಟ್ಟವನ ಬಾಯಿಯೇ ಹೊರತು ನಮ್ಮದಲ್ಲ. ಸ್ವಂತ ಬಾಯಿ ಬೇಕೆನ್ನುವವರು ಅದರ ಖರ್ಚಿನ ಲೆಕ್ಕವನ್ನೂ ಸ್ವಂತವಾಗಿ ಬರೆದಿಡಲು ಸಿದ್ಧರಾಗಬೇಕೆಂದು ನಮ್ಮ ಸ್ಪಷ್ಟ ಅಭಿಪ್ರಾಯ.